ಸವಾಲಿಗಿಟ್ಟ ಹುಂಜ

ಈ ಭಾನುವಾರ ಮಸ್ಕಿಯ ನಮ್ಮ ಚರ್ಚಿನ ಬಾಗಿಲು ದಾಟುತ್ತಿದ್ದಂತೆ ಹಸಿ ಜೋಳದ ತೆನೆ, ಉಳ್ಳಾಗಡ್ಡಿ ತೊಪ್ಪಲಿನ ವಾಸನೆ ಮೂಗಿಗೆ ಬಡಿಯಿತು. ಸುಗ್ಗಿ ಹಬ್ಬ. ಪೀಠದ ಮುಂದೆ ತೊಗರಿ, ಕುಂಬಳಕಾಯಿ, ಮೂಲೆಯಲ್ಲಿ ಕಾಲು ಕಟ್ಟಿದ ಕೋಳಿಗಳು... ಕಂಡಕ್ಟರ್ ಕಾಕಾ ನೆನಪಾದರು.

ಕಾಕಾ ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಮಸ್ಕಿಯಲ್ಲೇ ಉಳಿದಿದ್ದರು. ಸಿಂಧನೂರು, ಲಿಂಗಸುಗೂರು ಎಂದು ಕೂಗಿ ಕೂಗಿ ಪಳಗಿದ ದನಿ, ಮೈಕೇ ಬೇಕಿರಲಿಲ್ಲ. ಜನ ತಂದ ಬೆಳೆಯನ್ನು ಸವಾಲು ಕೂಗಿ, ಹೆಚ್ಚು ಕೊಟ್ಟವರಿಗೆ ಒಪ್ಪಿಸಿ, ಚರ್ಚಿಗೆ ರೊಕ್ಕ ಎತ್ತುವ ಕೆಲಸ ಪ್ರತಿ ಸುಗ್ಗಿಗೂ ಅವರದೇ.

ನಮ್ಮ ಮಗಳನ್ನು ನರ್ಸಿಂಗಿಗೆ ಸೇರಿಸುವ ವರ್ಷ ಚರ್ಚಿನ ಚಾವಣಿ ಕೆಟ್ಟಿತ್ತು. ಗಾರೆ ಉದುರಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಸವಾಲಿನ ರೊಕ್ಕದಲ್ಲೇ ರಿಪೇರಿ ಆಗಬೇಕೆಂದು ಪಾಸ್ಟರು ಮೊದಲೇ ಹೇಳಿದ್ದರು.

ಅದೇ ಹೊತ್ತಿಗೆ ನಮ್ಮ ಮನೆಯವರಿಗೂ ಅವರ ಅಣ್ಣನಿಗೂ ಮಾತು ನಿಂತಿತ್ತು. ತೀರಿಹೋದ ನಮ್ಮ ಮಾವನ ಸಮಾಧಿ ಕಲ್ಲಿನ ಮೇಲೆ ಯಾವ ಮಗನ ಹೆಸರು ಮೊದಲು ಬರಬೇಕೆಂಬ ಜಗಳ. ನಮ್ಮೂರು ಸಂತೆಕಲ್ಲೂರಿನಿಂದ ಬೇರೆ ಬೇರೆ ಆಟೋದಲ್ಲಿ ಬಂದು ಬೇರೆ ಬೇರೆ ಸಾಲಿನಲ್ಲಿ ಕೂತಿದ್ದರು.

ಕಾಕಾ ಒಂದು ಕೆಂಪು ಹುಂಜವನ್ನು ಎತ್ತಿ ಹಿಡಿದರು. ಭಾವ ಒಂದು ಬೆಲೆ ಕೂಗಿದರು. ನಮ್ಮ ಮನೆಯವರು ಅದರ ದುಪ್ಪಟ್ಟು ಕೂಗಿದರು. ಮೊದಮೊದಲು ಎಲ್ಲರೂ ನಕ್ಕರು. ಏರುತ್ತ ಏರುತ್ತ ನಗು ನಿಂತಿತು. ಹುಂಜದ ಬೆಲೆ ಎತ್ತಿನ ಬೆಲೆಗೆ ಬಂತು. ಇಬ್ಬರೂ ಹುಂಜವನ್ನು ನೋಡುತ್ತಿರಲಿಲ್ಲ, ಒಬ್ಬರನ್ನೊಬ್ಬರು ನೋಡುತ್ತಿದ್ದರು. ಮಗಳ ನರ್ಸಿಂಗ್ ಫೀಸಿಗೆಂದು ಹತ್ತಿ ಮಾರಿ ತೆಗೆದಿಟ್ಟ ರೊಕ್ಕ ಬಿಟ್ಟರೆ ನಮ್ಮ ಮನೆಯಲ್ಲಿ ಬೇರೇನೂ ಇರಲಿಲ್ಲ. ನಾನು ಹೆಂಗಸರ ಸಾಲಿನಿಂದ ಎದ್ದು ನಿಂತೆ. ಕಾಕಾ ನನ್ನ ಕಡೆ ನೋಡಿದರು.

ಕೊನೆಯ ಬೆಲೆ ನಮ್ಮ ಮನೆಯವರದು.

"ಒಂದನೇ ಸಲ..." ಅಂದರು ಕಾಕಾ. ಅವರ ಹೆಬ್ಬೆರಳು ಹುಂಜದ ಕಾಲಿನ ಹುರಿಯ ಗಂಟನ್ನು ಸಡಿಲಿಸುತ್ತಿತ್ತು. "ಎರಡನೇ ಸಲ..."

ಕಾಕಾರ ಕೈ ಬಿಚ್ಚಿಕೊಂಡಿತು. ಹುಂಜ ಕಿಟಕಿಯಿಂದ ಹಾರಿ ಕಾಂಪೌಂಡ್ ದಾಟಿತು. ಬೆನ್ನಟ್ಟಿ ಹೋದವರು ಬರಿಗೈಯಲ್ಲಿ ಬಂದರು.

"ಜಾರಿತ್ರೀ," ಅಂದರು ಕಾಕಾ. "ಮಾಲೇ ಇಲ್ಲಂದ ಮ್ಯಾಲೆ ಸವಾಲ್ ಎಲ್ಲೀದು? ರದ್ದು."

ಮುದುಕನ ಕೈಯಲ್ಲಿ ಕಸುವಿಲ್ಲ ಎಂದು ಕಮಿಟಿಯವರು ಅವರಿಂದ ಸವಾಲಿನ ಕೆಲಸ ಕಿತ್ತುಕೊಂಡರು. ರಿಪೇರಿಗೆ ರೊಕ್ಕ ಸಾಲಲಿಲ್ಲ. ಆ ಮಳೆಗಾಲವೆಲ್ಲ ಬಕೆಟ್ ಇಟ್ಟೇ ಪ್ರಾರ್ಥನೆ. ಹನಿ ಬಿದ್ದಾಗೆಲ್ಲ ಜನ ಕಾಕಾರನ್ನು ತಿರುಗಿ ನೋಡುತ್ತಿದ್ದರು. ತುಂಬಿದ ಬಕೆಟ್ಟನ್ನು ಅವರೇ ಎದ್ದು ಹೊರಗೆ ಚೆಲ್ಲಿ ಬರುತ್ತಿದ್ದರು. ಒಮ್ಮೆ ಹಿಂದೆಯೇ ಹೋಗಿ ಕೇಳಿದೆ.

"ಕಾಕಾ, ಬೇಕಂತನ ಬಿಟ್ರಿ, ಹೌದಿಲ್ರಿ?"

"ಯಾರ ಮುಂದೂ ಅನಬ್ಯಾಡ ಯವ್ವಾ. ನಿನ್ನ ಗಂಡಗ ಅವಮಾನ ಆಗತೈತಿ. ಮತ್ತ ಹಠಕ್ಕ ಬೀಳತಾನ..."

ನಾನು ಯಾರ ಮುಂದೂ ಅನ್ನಲಿಲ್ಲ.

ಮಗಳು ಈಗ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ನರ್ಸು. ಚಾವಣಿಯೂ ಹೇಗೋ ರಿಪೇರಿಯಾಯಿತು. ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಒಯ್ಯುವಾಗ ನಮ್ಮ ಮನೆಯವರು ಒಂದು ಕಡೆ, ಭಾವ ಇನ್ನೊಂದು ಕಡೆ ಹೆಗಲು ಕೊಟ್ಟರು. ಮಾತಾಡಲಿಲ್ಲ. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ನಮ್ಮ ಮನೆಯವರು ಅಂದರು:

"ಕಾಕಾ ಅವತ್ತು ಹುಂಜ ಬೇಕಂತನ ಬಿಟ್ಟಿದ್ರು. ನನಗ ಅವತ್ತ ಗೊತ್ತಾಗಿತ್ತು. ಕೂಗಿದ್ದು ಹಿಂದಕ್ಕ ತಗೊಳ್ಳಾಕ ಬಾಯಿ ಬರವಲ್ದಾಗಿತ್ತು... ಉಳಿಸಿಬಿಟ್ರು."

"ಅವರ ಮುಂದನ ಈ ಮಾತು ಅನಬೇಕಿತ್ತಲ್ರೀ," ಅಂದೆ.

ಈ ಭಾನುವಾರ ಸವಾಲು ಮುಗಿದ ಮೇಲೆ ನಮ್ಮ ಮನೆಯವರು ಅಣ್ಣನ ಹತ್ತಿರದವರೆಗೆ ಹೋದರು. ಹಾಗೆಯೇ ತಿರುಗಿ ಬಂದರು. ಅವರಿಬ್ಬರ ನಡುವೆ ನಿಲ್ಲಬಹುದಾಗಿದ್ದ ಕಾಕಾ ಈಗ ಇಲ್ಲ.