ಜುಂಜಪ್ಪ ನುಡಿಸಿದ ಆಣೆ

ಜಗಳೂರಿನಿಂದ ಸೊಕ್ಕೆ ಕಡೆಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಜುಂಜಪ್ಪ ಚೌಡಮ್ಮನ ಪೂಜಾರಿ. ಅರವತ್ತು ದಾಟಿದ ಆಳು, ಎರಡೆಕರೆ ಮೆಕ್ಕೆಜೋಳ, ಮಾತು ಕಮ್ಮಿ. ಊರಿನವರು ಅವನನ್ನು ಮೆತ್ತನೆಯ ಮನುಷ್ಯನೆಂದೇ ತಿಳಿದಿದ್ದರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವುದು ಸುಳ್ಳಲ್ಲವಲ್ಲ, ಅವನ ಪಾಲಿಗೂ ಅದು ಬಂತು.

ಆ ಊರಲ್ಲಿ ಆಣೆಗೊಂದು ಕ್ರಮವಿದೆ. ಪೂಜಾರಿ ತಟ್ಟೆಯಲ್ಲಿ ಭಂಡಾರ, ಅಂದರೆ ಅಮ್ಮನ ಅರಿಶಿನ, ಹಿಡಿದು ಒಂದೊಂದೇ ನುಡಿ ಹೇಳುತ್ತಾನೆ. ಮುಟ್ಟಿದವರು ಅದನ್ನೇ ತಿರುಗಿ ಹೇಳಿ ಹಣೆಗೆ ಹಚ್ಚಿಕೊಳ್ಳಬೇಕು. ಹಚ್ಚಿಕೊಂಡ ಮೇಲೆ ಮಾತು ಮುರಿಯುವ ಗಂಡಸು ಅಲ್ಲಿ ಇನ್ನೂ ಹುಟ್ಟಿಲ್ಲ. ಬದುವಿನ ಜಗಳ, ಬೋರಿನ ನೀರಿನ ಜಗಳ ಎಷ್ಟೋ ಹಾಗೇ ತೀರಿದ್ದವು.

ಕಳೆದ ಸಲ ಪಂಚಾಯ್ತಿ ಚುನಾವಣೆಗೆ ನಿಂತವನು ಗುಡಿ ಸಮಿತಿಯ ಅಧ್ಯಕ್ಷ ತಿಪ್ಪೇರುದ್ರಸ್ವಾಮಿ. ಗುಡಿಗೆ ಟೈಲ್ಸ್ ಹಾಕಿಸಿದ್ದ. ಯಾರಾದರೂ ಮರೆತಾರೆಂದು ತನ್ನ ಹೆಸರನ್ನೂ ಕೆತ್ತಿಸಿದ್ದ. ಒಂದು ಮಂಗಳವಾರ ಜುಂಜಪ್ಪನ ಮನೆಗೆ ಬಂದು, ಶುಕ್ರವಾರ ಊರೆಲ್ಲ ಭಂಡಾರ ಮುಟ್ಟಿ ತನಗೇ ಓಟು ಹಾಕುವುದಾಗಿ ಆಣೆ ಮಾಡಬೇಕೆಂದ. ಮುಟ್ಟದೆ ಹಿಂದೆ ಸರಿಯುವವರು ಯಾರೆಂಬುದೂ ಗೊತ್ತಾಗುತ್ತದಲ್ಲ ಎಂದು ನಕ್ಕ. ನಗೆ ಯಾರ ಮೇಲೆಂದು ಜುಂಜಪ್ಪನಿಗೆ ತಿಳಿಯಿತು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಪುಷ್ಪಾವತಿ ಎರಡು ವರ್ಷದಿಂದ ಏಸುವಿನ ಪ್ರಾರ್ಥನೆಗೆ ಹೋಗುತ್ತಿದ್ದಳು. ಗುಡಿಗೆ ಬರುವುದನ್ನು ಬಿಟ್ಟಿದ್ದಳೇ ಹೊರತು, ಜುಂಜಪ್ಪನನ್ನು ಮಾವ ಎನ್ನುವುದನ್ನು ಬಿಟ್ಟಿರಲಿಲ್ಲ.

ಓಟಿಗೆಲ್ಲ ಅಮ್ಮನನ್ನು ಎಳೆಯಬಾರದು ಎಂದು ಜುಂಜಪ್ಪ ಮೆಲ್ಲಗೆ ಹೇಳಿದ.

"ಹಂಗಾದ್ರೆ ಗುಡಿ ಬೀಗದ ಕೈ ಕೊಡ್ರಿ ಪೂಜಾರಪ್ಪ. ಪೂಜೆ ಮಾಡಾಕೆ ಬೇರೆಯೋರು ಅದಾರೆ."

ನಾಲ್ಕು ತಲೆಮಾರಿನ ಪೂಜೆ ಅದು. ಜುಂಜಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಮ್ಮನನ್ನು ಬಿಡಲೂ ಆರ, ಮಾರಲೂ ಆರ. ಗುರುವಾರ ತಾನೇ ಎದ್ದು ಹೋಗಿ, ಮುಟ್ಟಿಸುತ್ತೇನೆ, ಆದರೆ ಮೊದಲು ನೀವೇ ಮುಟ್ಟಬೇಕು ಎಂದ. ತಿಪ್ಪೇರುದ್ರಸ್ವಾಮಿ ಹಿರಿಹಿರಿ ಹಿಗ್ಗಿದ. ನುಡಿ ಹೇಳುವವನು ಪೂಜಾರಿ ಎಂಬುದನ್ನು ಆ ಹಿಗ್ಗಿನಲ್ಲಿ ಮರೆತೇಬಿಟ್ಟ.

ಶುಕ್ರವಾರ ಊರೇ ಸೇರಿತು. ಅಧ್ಯಕ್ಷ ಹೇಳಿ ಕಳಿಸಿದ್ದರಿಂದ ಪುಷ್ಪಾವತಿಯೂ ಬಂದು ಬೇವಿನ ಮರದ ಕೆಳಗೆ ಸೆರಗು ಬಿಗಿಹಿಡಿದು ನಿಂತಿದ್ದಳು. ತಿಪ್ಪೇರುದ್ರಸ್ವಾಮಿ ತಟ್ಟೆಗೆ ಕೈ ಇಟ್ಟ. ಜುಂಜಪ್ಪ ಗಂಟಲು ಸರಿಮಾಡಿಕೊಂಡ.

"ಅಮ್ಮನ ಆಣೆಗೂ, ನನ್ನ ಓಟು ನನ್ನ ಮನಸ್ಸಿಗೆ ಬಂದೋರಿಗೆ ಹಾಕ್ತೀನಿ."

ತಿಪ್ಪೇರುದ್ರಸ್ವಾಮಿ ತಲೆ ಎತ್ತಿ ನೋಡಿದ. ಕೈ ಭಂಡಾರದಲ್ಲಿತ್ತು, ಊರಿನ ಕಣ್ಣೆಲ್ಲ ಆ ಕೈ ಮೇಲಿತ್ತು. ಈಗ ಕೈ ತೆಗೆದರೆ ಅಮ್ಮನ ಮುಂದೆ ಕಳ್ಳನಾದಂತೆ. ಸಣ್ಣ ದನಿಯಲ್ಲಿ ತಿರುಗಿ ಹೇಳಿದ.

"ಯಾರಿಗೆ ಹಾಕ್ದೆ ಅಂತ ಯಾರನ್ನೂ ಕೇಳಲ್ಲ."

ಅದನ್ನೂ ಹೇಳಿದ.

"ಯಾರು ಯಾವ ದೇವ್ರಿಗೆ ಕೈ ಮುಗುದ್ರೂ ಅವರ ತಂಟೆಗೆ ಹೋಗಲ್ಲ."

ಇದು ಹಲ್ಲಿನ ಸಂದಿಯಿಂದ ಹೊರಬಂತು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಊರಿಗೆ ಊರೇ ಸಾಲುಗಟ್ಟಿ ಆ ಮೂರೂ ನುಡಿಗಳನ್ನು ಹೇಳಿ ಹಣೆ ಹಳದಿ ಮಾಡಿಕೊಂಡಿತು. ಕೊನೆಗೆ ಜುಂಜಪ್ಪ ಮರದ ಕೆಳಗೇ ನಿಂತಿದ್ದ ಪುಷ್ಪಾವತಿಯತ್ತ ತಿರುಗಿ, ಇನ್ನು ನೀನು ಮನೆಗೆ ಹೋಗವ್ವ ಎಂದ. ಅವಳು ದೂರದಿಂದಲೇ ಕೈ ಮುಗಿದಳು. ಅಪ್ಪ ಬದುಕಿದ್ದು ಇದನ್ನು ನೋಡಬೇಕಿತ್ತು ಎಂದು ಜುಂಜಪ್ಪನಿಗೆ ಅನ್ನಿಸಿತು. ಎದೆಯುಬ್ಬಿ ಬಂತು.

ಬೀಗದ ಕೈ ಕೇಳಲು ಯಾರೂ ಬರಲಿಲ್ಲ. ತಿಪ್ಪೇರುದ್ರಸ್ವಾಮಿ ಒಂಬತ್ತು ಓಟಿನಿಂದ ಗೆದ್ದ. ಯಾರು ಹಾಕಿದರು, ಯಾರು ಬಿಟ್ಟರು ಎಂದು ಕೇಳುವಂತಿಲ್ಲವಾಗಿ ಪುಷ್ಪಾವತಿಯ ಮನೆಯೂ ಸೇರಿ ಎಲ್ಲರ ಬಾಗಿಲಲ್ಲೂ ಕೈ ಮುಗಿದು ಬಂದ.

ಆ ಸಂಜೆ ಜುಂಜಪ್ಪ ಹೆಂಡತಿ ಅಜ್ಜಮ್ಮನ ಪಕ್ಕ ಕೂತ. ಮದುವೆಯಾದಾಗಿನಿಂದ ಅವಳು ಅವನು ಹೇಳಿದ ಗುರುತಿಗೇ ಓಟು ಹಾಕಿದವಳು. ಈ ಸಲ ಗಡಿಬಿಡಿಯಲ್ಲಿ ಅವನು ಹೇಳಿರಲೇ ಇಲ್ಲ. ಯಾರಿಗೆ ಹಾಕಿದೆ ಎಂದು ಕೇಳಿದ.

ಅಜ್ಜಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾನೂ ಭಂಡಾರ ಮುಟ್ಟೀನಿ. ನುಡಿ ಹೇಳ್ಸಿದೋರೇ ಹಿಂಗೆ ಕೇಳಿದ್ರೆ ಹೆಂಗ್ರಿ?"

ಜುಂಜಪ್ಪ ನಾಲಿಗೆ ಕಚ್ಚಿಕೊಂಡ. ಅವಳು ಯಾರಿಗೆ ಹಾಕಿದಳೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾನೆ.