ಒಂಬತ್ತೂಕಾಲರ ಸಾಕ್ಷಿ

ಬೇಸಿಗೆ ರಜೆ ಮುಗಿಯುವ ಮೊದಲು, ಶಾಲೆಯ ಉದ್ದನೆಯ ಕಾರಿಡಾರುಗಳ ನೆಲಕ್ಕೆ ಹೊಳಪಿನ ಮೇಣ ಹಚ್ಚಿ ಒಣಗಲು ಬಿಡುವ ಆಗಸ್ಟಿನ ಆ ಮೂರು ದಿನಗಳೆಂದರೆ ವಿಲ್ಮಾ ಟ್ರಾಕ್ಸ್ಲರ್‌ಗೆ ಬಲು ಇಷ್ಟ. ಮಕ್ಕಳಿಲ್ಲ, ಮೇಷ್ಟರಿಲ್ಲ, ಫೋನು ಸದ್ದಿಲ್ಲ. ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಟೈಪ್‌ರೈಟರಿಗೆ ತೂರಿಸುವುದು, ಹೊಡೆಯುವುದು, ಸರ್ರನೆ ಎಳೆಯುವುದು. ಜಾಣ ಅಂಗಡಿಯವನು ಗಿರಾಕಿ ಬರುವ ಮೊದಲೇ ಪೊಟ್ಟಣ ಕಟ್ಟಿಟ್ಟುಕೊಳ್ಳುತ್ತಾನಲ್ಲ, ಹಾಗೆ ಇಡೀ ವರ್ಷಕ್ಕೆ ಬೇಕಾಗುವ ಫಾರಮ್ಮುಗಳನ್ನೆಲ್ಲ ಅವಳು ಆಗಲೇ ಸಿದ್ಧ ಮಾಡಿಡುತ್ತಿದ್ದಳು.

ಅದರಲ್ಲೊಂದು ಅಮಾನತು ಫಾರಂ. ನಾಲ್ಕು ವರ್ಷ ಹಿಂದೆ, ಇದೇ ಒಹಾಯೊ ರಾಜ್ಯದ ಮಕ್ಕಳು ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು: ಸರಕಾರಿ ಶಾಲೆಯಿಂದ ಹುಡುಗನನ್ನು ಹೊರಗೆ ಹಾಕುವುದಾದರೆ ಅವನ ತಪ್ಪೇನೆಂದು ಅವನಿಗೆ ಹೇಳಬೇಕು, ಅವನ ಮಾತನ್ನೂ ಕೇಳಬೇಕು, ಇದು ದಯೆಯಲ್ಲ, ಸಂವಿಧಾನ ಕೊಟ್ಟ ಹಕ್ಕು. ಶಾಲಾ ಮಂಡಳಿಯ ವಕೀಲರು ಕೂಡಲೇ ಒಂದು ಫಾರಂ ಬರೆದು ಕಳಿಸಿದ್ದರು. ಅದರ ಕೊನೆಯಲ್ಲಿ: 'ವಿದ್ಯಾರ್ಥಿಗೆ ಆರೋಪ ತಿಳಿಸಲಾಯಿತು. ವಿದ್ಯಾರ್ಥಿಯ ಮಾತು ಕೇಳಲಾಯಿತು.' ಆಮೇಲೆ ವೇಳೆಗೊಂದು ಖಾಲಿ ಜಾಗ, ಸಾಕ್ಷಿಯ ಸಹಿಗೊಂದು ಖಾಲಿ ಜಾಗ.

ಖಾಲಿ ಜಾಗ ಕಂಡರೆ ವಿಲ್ಮಾಳ ಬೆರಳು ಸುಮ್ಮನಿರುತ್ತಿರಲಿಲ್ಲ. ಪ್ರಿನ್ಸಿಪಾಲ ಲಾಯ್ಡ್ ಕೋಫೆಲ್ಟ್ ಬೆಳಗಿನ ಒಂಬತ್ತೂಕಾಲಿಗೆ ಕಾಫಿ ಹಿಡಿದು ಕುರ್ಚಿಯಲ್ಲಿ ಕೂತಿರುವುದು ಸೂರ್ಯ ಹುಟ್ಟಿದಷ್ಟೇ ಖಚಿತ. ಹಾಗಾಗಿ ವೇಳೆ ಒಂಬತ್ತೂಕಾಲು ಎಂದು ಹೊಡೆದಳು. ಸಾಕ್ಷಿಯ ಜಾಗದಲ್ಲಿ ತನ್ನ ಸಹಿ ಹಾಕಿದಳು. ಪ್ರತಿ ಆಗಸ್ಟಿನಲ್ಲಿ ಐವತ್ತು. ಹೆಸರು, ತಾರೀಖು, ತಪ್ಪು, ಇಷ್ಟು ಮಾತ್ರ ಬಾಕಿ. ತಪ್ಪು ಮಾಡುವವರು ಬಂದಾಗ ಸೇರಿಸಿದರಾಯಿತು. ಇದು ಮೋಸವೆಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ. ಕೆಲಸದ ಅಚ್ಚುಕಟ್ಟುತನ ಎಂದೇ ಹೆಮ್ಮೆಪಟ್ಟಿದ್ದಳು.

ಹೆಮ್ಮೆಪಡಲು ಅವಳಿಗೆ ಹಕ್ಕೂ ಇತ್ತು. ಗಣಿ ಕೆಲಸಗಾರನ ಮಗಳು, ಗಣಿ ಕೆಲಸಗಾರನ ಹೆಂಡತಿ, ಗಂಡನ ಶ್ವಾಸಕೋಶವನ್ನು ಕಲ್ಲಿದ್ದಲು ತಿಂದು ಮುಗಿಸಿದ ಮೇಲೆ ವಿಧವೆ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನ ಆಫೀಸು ನಡೆಸಿಕೊಂಡು ಬಂದವಳು. ಪ್ರಿನ್ಸಿಪಾಲರು ಮೂರು ಮಂದಿ ಬದಲಾದರು, ವಿಲ್ಮಾ ಬದಲಾಗಲಿಲ್ಲ. ಯಾವ ಮಗುವಿಗೆ ಜೇನುಹುಳ ಕಚ್ಚಿದರೆ ಮೈ ಊದುತ್ತದೆ, ಯಾವ ಅಪ್ಪ ಶುಕ್ರವಾರ ಮಧ್ಯಾಹ್ನದ ಮೇಲೆ ಫೋನಿನಲ್ಲಿ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ, ಎಲ್ಲ ಅವಳಿಗೆ ಗೊತ್ತು. ಮೇಜಿನ ಮೇಲೆ ಪೆಪ್ಪರಮಿಂಟಿನ ಜಾಡಿ. ಅಳುವವರಿಗೆ ಒಂದು, ಅಳು ನಟಿಸುವವರಿಗೂ ಒಂದು.

ಅದು ೧೯೭೯. ಅಕ್ಟೋಬರಿನ ಎರಡನೇ ಮಂಗಳವಾರ ಬೆಳಗ್ಗೆ ಎಂಟಕ್ಕೆ ಓಪಲ್ ಬಸ್ಕರ್ಕ್ ಫೋನು ಮಾಡಿದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ವಿಲ್ಮಾ, ನಮ್ ಜೋಲೀನ್ ಇವತ್ತು ಬರಲ್ಲ ಕಣೆ. ನಂಗೆ ಎದ್ರೆ ಸಾಕು ಗೋಡೆಗಳೆಲ್ಲ ತಿರುಗ್ತವೆ. ಮೊಮ್ಮಗಳು ಪಕ್ಕದಲ್ಲೇ ಇರ್ಲಿ."

"ಕಳ್ಳಭಟ್ಟಿ ಬಿಡು ಅಂತ ಎಷ್ಟು ಸಲ ಹೇಳ್ಲೇ ನಿಂಗೆ?"

"ಥೂ ನಿನ್ನ! ನಗಿಸ್ಬೇಡ, ನಕ್ರೂ ತಿರುಗುತ್ತೆ."

ವಿಲ್ಮಾ ಹಾಜರಿ ಪುಸ್ತಕದಲ್ಲಿ ಶಾಯಿಯಿಂದ ಬರೆದಳು: ಜೋಲೀನ್ ಬಸ್ಕರ್ಕ್, ಗೈರು, ಅಜ್ಜಿಯ ಫೋನು, ೮:೦೫.

ಸರಿಯಾಗಿ ಒಂದು ತಾಸಿನ ನಂತರ, ಒಂಬತ್ತೂ ಐದಕ್ಕೆ, ಯಾರೋ ಬೆಂಕಿಯ ಎಚ್ಚರಿಕೆ ಗಂಟೆ ಎಳೆದರು. ಬೆಂಕಿ ಇರಲಿಲ್ಲ. ಆರುನೂರು ಮಕ್ಕಳು ಮೆಟ್ಟಿಲಿಳಿದು ಓಡುವಾಗ ಲ್ಯಾಟಿನ್ ಕಲಿಸುವ ಮುದಿ ಮೇಷ್ಟರು ಹೇನ್ಸ್ ಉರುಳಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅವರನ್ನು ಹುಲ್ಲಿನ ಮೇಲೆ ಮಲಗಿಸಿದಾಗ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ವಿಲ್ಮಾ. ಆಂಬುಲೆನ್ಸಿನಲ್ಲಿ ಜೊತೆಗೆ ಹೋದವಳೂ ಅವಳೇ.

ಮರುದಿನ ಬೆಳಗ್ಗೆ ಆಫೀಸಿಗೆ ಬಂದಾಗ ಮೇಜಿನ ಮೇಲೆ ಒಂದು ಅಮಾನತು ಫಾರಮ್ಮಿನ ಕಾರ್ಬನ್ ಪ್ರತಿ ಇತ್ತು. ಅವಳಿಲ್ಲದಾಗ ಪ್ರಿನ್ಸಿಪಾಲ ತಾನೇ ಡ್ರಾಯರಿನಿಂದ ತೆಗೆದು ಪೆನ್ನಿನಿಂದ ತುಂಬಿದ್ದ. ಹೆಸರು ಜೋಲೀನ್ ಬಸ್ಕರ್ಕ್. ತಪ್ಪು, ಬೆಂಕಿಯ ಗಂಟೆ ಎಳೆದದ್ದು. ಹತ್ತು ದಿನ ಅಮಾನತು. ಮುಂದಿನ ವಾರ ಗುರುವಾರ ಶಾಲೆಯಿಂದಲೇ ತೆಗೆದುಹಾಕುವ ಬಗ್ಗೆ ಮಂಡಳಿಯ ಮುಂದೆ ವಿಚಾರಣೆ. ಮೂಲ ಪ್ರತಿ ಆಗಲೇ ಅಂಚೆಗೆ ಹೋಗಿತ್ತು. ಕೆಳಗೆ ಅವಳದೇ ದುಂಡನೆಯ ಸಹಿ: ವಿದ್ಯಾರ್ಥಿಯ ಮಾತು ಕೇಳಲಾಯಿತು, ಒಂಬತ್ತೂಕಾಲು.

ವಿಲ್ಮಾ ಬಾಗಿಲು ತಟ್ಟದೆ ಒಳಗೆ ಹೋದಳು. "ಲಾಯ್ಡ್, ಆ ಹುಡುಗಿ ನಿನ್ನೆ ಶಾಲೆಗೇ ಬಂದಿರ್ಲಿಲ್ಲ."

ಕೋಫೆಲ್ಟ್ ಎದ್ದು, ಅವಳ ಹಿಂದಿದ್ದ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ. "ಆಟ ಕಲಿಸೋ ಕೋಚ್ ಡಟನ್ ಕಣ್ಣಾರೆ ನೋಡಿದಾನೆ. ಕೆಂಪು ಜಾಕೆಟ್ಟು, ಉದ್ದ ಕೂದಲು."

"ನಮ್ ಶಾಲೆ ಬಣ್ಣಾನೇ ಕೆಂಪು. ಇಲ್ಲಿ ಕೆಂಪು ಜಾಕೆಟ್ ನೋಡ್ದೆ ಅಂದ್ರೆ ಮರದಲ್ಲಿ ಎಲೆ ನೋಡ್ದೆ ಅಂದ ಹಾಗೆ."

ಅವನು ನಕ್ಕ. ನಗು ನಿಂತ ಮೇಲೂ ಬಾಯಿ ಹಾಗೇ ಇತ್ತು. "ಫಾರಮ್ಮಲ್ಲಿ ಯಾರ ಸಹಿ ಇದೆ, ವಿಲ್ಮಾ?"

"ನಂದು."

"ಹುಡುಗಿ ಮಾತು ಕೇಳಿದೀವಿ ಅಂತ ನೀವೇ ಸಾಕ್ಷಿ ಹೇಳಿದೀರಿ. ಈಗ ಬಂದೇ ಇರ್ಲಿಲ್ಲ ಅಂದ್ರೆ, ಸುಳ್ಳು ಹೇಳಿದ್ದು ನಾನಲ್ಲ."

"ಒಂಬತ್ತೂಕಾಲಿಗೆ ಇಡೀ ಶಾಲೆ ಮೈದಾನದಲ್ಲಿ ಚಳೀಲಿ ನಿಂತಿತ್ತಲ್ಲ! ಯಾರು ಯಾರ ಮಾತು ಕೇಳಿದ್ರು?"

"ಬೆರಳು ಜಾರ್ತು ಅನ್ನಿ. ಎರಡೂಕಾಲು ಆಗ್ಬೇಕಿತ್ತು ಅನ್ನಿ. ಟೈಪ್ ಮಾಡೋರಿಗೆ ಆಗೋದೇ ತಾನೆ?" ಕೋಫೆಲ್ಟ್ ಕಿಟಕಿಯ ಕಡೆ ತಿರುಗಿದ. "ಶಾಲೆಗೆ ತೆರಿಗೆ ಕೊಡ್ಬೇಕಾ ಬೇಡ್ವಾ ಅಂತ ನವೆಂಬರ್ ಆರಕ್ಕೆ ಊರೋರ ಓಟಿದೆ. ಅದು ಬಿದ್ರೆ ತಿಂಗಳ ಕೊನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ದುಡ್ಡಿಲ್ದೆ ಶಾಲೆ ಬಾಗಿಲು ಹಾಕ್ಬೇಕು. ಹೇನ್ಸ್ ಬಿದ್ದಿದ್ದಕ್ಕೆ ಹೊಣೆ ಹೊರಿಸೋಕೆ ಊರೋರಿಗೆ ಒಬ್ರು ಬೇಕು, ಸಿಕ್ಕಿದಾರೆ. ಒಂದ್ಕಡೆ ಆರುನೂರು ಮಕ್ಕಳು, ಒಂದ್ಕಡೆ ಒಬ್ಳು ಬಸ್ಕರ್ಕ್ ಮನೆ ಬಡ ಹುಡುಗಿ. ತಕ್ಕಡಿ ನಿಮ್ ಕೈಲೇ ಕೊಡ್ತೀನಿ. ಆಮೇಲೆ, ಆ ಹಾಜರಿ ಪುಸ್ತಕ ನನ್ ಹತ್ರ ಇರ್ಲಿ."

ತಕ್ಕಡಿ ಕೊಟ್ಟು ತೂಕದ ಕಲ್ಲನ್ನು ತಾನೇ ಇಟ್ಟುಕೊಳ್ಳುವವರ ಹತ್ತಿರ ವ್ಯಾಪಾರ ಮಾಡಬಾರದು ಎಂಬುದು ವಿಲ್ಮಾಗೂ ಗೊತ್ತಿತ್ತು. ತಿಂಗಳ ಮೊತ್ತ ಹಾಕುವುದಿದೆ, ಆಮೇಲೆ ಕೊಡುತ್ತೇನೆ ಎಂದಳು. ಸಂಜೆ ಪುಸ್ತಕವನ್ನು ನೂಲಿನ ಉಂಡೆಗಳ ಕೆಳಗೆ ಚೀಲದಲ್ಲಿ ಅಡಗಿಸಿ ಮನೆಗೆ ಒಯ್ದಳು. ಮರುದಿನ ಬಂದು ನೋಡಿದರೆ, ಬೀಗ ಹಾಕಿದ್ದ ಅವಳ ಡ್ರಾಯರು ಎರಡು ಬೆರಳಿನಷ್ಟು ತೆರೆದಿತ್ತು. ಒಳಗೆ ಎಲ್ಲವೂ ಓರಣವಾಗಿತ್ತು, ಅವಳು ಇಟ್ಟದ್ದಕ್ಕಿಂತ ಹೆಚ್ಚು ಓರಣವಾಗಿ.

ಅಂಚೆಕಚೇರಿಯಲ್ಲಿ ಜನ ಅವಳ ಜೊತೆ ಹವಾಮಾನದ ಮಾತಾಡುವುದನ್ನೂ ನಿಲ್ಲಿಸಿದರು. ಕೋಚ್ ಡಟನ್ನನ ಟ್ರಕ್ಕು ಅವಳ ಬೀದಿಯಲ್ಲಿ ದಿನಕ್ಕೆರಡು ಸಲ ನಿಧಾನವಾಗಿ ಹಾದುಹೋಗತೊಡಗಿತು; ಅದು ಅವನ ಮನೆಯ ದಾರಿಯಲ್ಲ. ಶನಿವಾರ ಪ್ರಿನ್ಸಿಪಾಲನ ಹೆಂಡತಿ ಡೊಲೋರೆಸ್ ಗಾಜಿನ ಪಾತ್ರೆಯಲ್ಲಿ ನೂಡಲ್ಸು, ಚೀಸು, ಮೀನು ಬೇಯಿಸಿ ತಂದಳು. ಆ ಊರಿನಲ್ಲಿ ಅಂಥ ಪಾತ್ರೆ ಬರುವುದು ಸಾವಿನ ಮನೆಗೆ. ತಳದಲ್ಲಿ ಅಂಟುಪಟ್ಟಿಯ ಮೇಲೆ ಒಡತಿಯ ಹೆಸರಿರುತ್ತದೆ, ಪಾತ್ರೆ ಮರಳಿ ಹೋಗಬೇಕಲ್ಲ.

"ನಮ್ಮನೇಲಿ ಯಾರೂ ಸತ್ತಿಲ್ವಲ್ಲ ಡೊಲೋರೆಸ್," ಎಂದಳು ವಿಲ್ಮಾ.

"ಅಯ್ಯೋ, ಏನ್ ಮಾತು! ದಣಿದಿರ್ತೀರಿ ಅಂತ ತಂದೆ," ಎಂದು ಡೊಲೋರೆಸ್ ಅವಳ ಅಡುಗೆಮನೆಯನ್ನೆಲ್ಲ ಕಣ್ಣಿನಲ್ಲೇ ಗುಡಿಸಿದಳು. "ಪಾತ್ರೆಗೇನೂ ಅವಸರ ಇಲ್ಲ. ಗುರುವಾರ ಕಳೀಲಿ, ಬಂದು ತಗೊಂಡ್ ಹೋಗ್ತೀನಿ."

ಭಾನುವಾರದ ಊಟಕ್ಕೆ ಮಗ ರೋಜರ್ ಬಂದ. ಊರಿನಲ್ಲೇ ಟೈರು ಅಂಗಡಿಯಲ್ಲಿ ಅವನ ಕೆಲಸ. ಅವನಿಗೆ ಬಡಿಸುತ್ತ ವಿಲ್ಮಾ ಎಲ್ಲವನ್ನೂ ಹೇಳಿದಳು: ಗಂಟೆ, ಪುಸ್ತಕ, ಆಗಸ್ಟಿನ ಐವತ್ತು ಸಹಿಗಳು.

ರೋಜರ್ ಫೋರ್ಕನ್ನು ತಟ್ಟೆಯ ಅಂಚಿಗೆ ಒರಗಿಸಿದ. "ನನ್ ಫಾರಮ್ಮಲ್ಲೂ ಒಂಬತ್ತೂಕಾಲು ಅಂತ್ಲೇ ಇತ್ತಮ್ಮ."

ವಿಲ್ಮಾಳ ಕೈಯ ಸೌಟು ನಿಂತಿತು. ಮೂರು ವರ್ಷ ಹಿಂದೆ ಬಡಗಿ ತರಗತಿಯ ಗಾಜು ಒಡೆದಿತ್ತು. ರೋಜರ್‌ಗೆ ಹತ್ತು ದಿನ ಅಮಾನತಾಗಿತ್ತು. ಹನ್ನೊಂದನೆಯ ದಿನ ಅವನು ಶಾಲೆಗೆ ಹೋಗಲಿಲ್ಲ, ಆಮೇಲೆ ಎಂದೂ ಹೋಗಲಿಲ್ಲ.

"ನನ್ನನ್ನ ಯಾರೂ ಏನೂ ಕೇಳ್ಲಿಲ್ಲ ಅಂತ ಇದೇ ಮೇಜಲ್ಲಿ ಕೂತು ನಿಂಗೆ ಹೇಳಿದ್ದೆ. ನೀನೇನಂದೆ ನೆನಪಿದೆಯಾ? 'ಕೇಳಿದ್ದಾರೆ ಅಂತ ಬರೆದಿದೆಯಲ್ಲೋ' ಅಂದೆ."

"ನೀನು... ಗಾಜು ಒಡೆದವನು ನೀನಲ್ವಾ?"

"ಈಗ ಅದನ್ನ ಕೇಳಿ ಏನಮ್ಮ? ಅಮ್ಮನ ಸಹಿ ಎದುರಿಗೆ ಯಾರು ವಾದ ಮಾಡ್ತಾರೆ!" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಆ ಮೆಣಸಿನಪುಡಿ ಇತ್ಲಾಗೆ ಕೊಡು. ಕೋಫೆಲ್ಟ್ ಹೆಂಡ್ತಿಗೆ ಉಪ್ಪೂ ಗೊತ್ತಿಲ್ಲ, ಖಾರಾನೂ ಗೊತ್ತಿಲ್ಲ."

ಗುರುವಾರ ಸಂಜೆ ಏಳಕ್ಕೆ ವಿಚಾರಣೆ. ಬಾಗಿಲು ಮುಚ್ಚಿ ನಡೆಸಬಾರದು, ಊರಿನ ಎದುರಿಗೇ ಆಗಲಿ ಎಂದು ಓಪಲ್ ಹಟ ಹಿಡಿದಿದ್ದಳು. ಶಾಲೆಯ ಊಟದ ಕೋಣೆ ಕಿಕ್ಕಿರಿದಿತ್ತು. ಬಂದವರಲ್ಲಿ ಹೆಚ್ಚಿನವರು ಹುಡುಗಿಯನ್ನು ಹೊರಗೆ ಹಾಕುವುದನ್ನು ನೋಡಲು ಬಂದವರು. ಹದಿನಾರರ ಜೋಲೀನ್ ಅದೇ ಕೆಂಪು ಜಾಕೆಟ್ಟಿನಲ್ಲಿ ಕೂತಿದ್ದಳು; ಚಳಿಗೆ ಅವಳ ಹತ್ತಿರ ಇದ್ದದ್ದು ಅದೊಂದೇ. ಬಡವರಿಗೆ ಬಿಟ್ಟಿ ವಾದಿಸುವ ಕಚೇರಿಯಿಂದ ಮಿಸ್ ಕೌಫ್ಮನ್ ಎಂಬ ವಕೀಲೆ ಬಂದಿದ್ದಳು. ಕೋಚ್ ತಾನು ನೋಡಿದ್ದನ್ನು ಹೇಳಿದ, ಕೋಫೆಲ್ಟ್ ಫಾರಂ ಓದಿದ. ಆಮೇಲೆ ವಿಲ್ಮಾ ಎಲ್ಲರ ಎದುರಿನ ಕುರ್ಚಿಯಲ್ಲಿ ಕೂತು ಪ್ರಮಾಣ ಮಾಡಿದಳು.

"ಮಂಗಳವಾರ ಒಂಬತ್ತೂಕಾಲಿಗೆ ನೀವು ಎಲ್ಲಿದ್ರಿ?" ವಕೀಲೆ ಕೇಳಿದಳು.

"ಮೈದಾನದಲ್ಲಿ. ಹೇನ್ಸ್ ಮೇಷ್ಟರ ತಲೆ ನನ್ನ ತೊಡೆ ಮೇಲಿತ್ತು."

ಕೋಫೆಲ್ಟ್ ಮುಂದಕ್ಕೆ ಬಾಗಿದ. "ವಿಲ್ಮಾ, ಬೆರಳು ಜಾರ್ತು ಅಂತ ಹೇಳ್ತಿದ್ರಲ್ಲ..."

"ಇಪ್ಪತ್ತೆರಡು ವರ್ಷದಲ್ಲಿ ನನ್ ಬೆರಳು ಜಾರಿಲ್ಲ, ಲಾಯ್ಡ್. ಅದೇ ತೊಂದ್ರೆ ಆಗಿದ್ದು." ಅವಳು ಚೀಲದಿಂದ ಪುಸ್ತಕ ತೆಗೆದು ಮಂಡಳಿಯ ಅಧ್ಯಕ್ಷರ ಮುಂದಿಟ್ಟಳು. "ಜೋಲೀನ್ ಅವತ್ತು ಗೈರು. ಎಂಟೂ ಐದಕ್ಕೆ ಅಜ್ಜಿ ಫೋನು. ಬರೆದಿದ್ದು ನಾನು."

"ಹಾಗಾದ್ರೆ ಆ ಫಾರಮ್ಮಿಗೆ ಸಹಿ ಹಾಕಿದ್ದು ಯಾವಾಗ?"

"ಆಗಸ್ಟ್ ಇಪ್ಪತ್ತೆಂಟು."

ಯಾರೋ ಕಿಸಕ್ಕನೆ ನಕ್ಕರು. ಆ ನಗು ಒಂಟಿಯಾಗಿಯೇ ಸತ್ತಿತು.

"ಅಕ್ಟೋಬರಿನ ತಪ್ಪಿಗೆ ಆಗಸ್ಟಲ್ಲಿ ಸಾಕ್ಷಿಯಾ?"

"ಹೌದು. ಯಾರ ಮಾತನ್ನೂ ಕೇಳಿದ್ದನ್ನ ನಾನು ನೋಡಿಲ್ಲ. ಕೇಳ್ತಾರೆ ಅಂದ್ಕೊಂಡಿದ್ದೆ. ಕೇಳಿದಾರಾ ಅಂತ ಒಂದ್ಸಲವೂ ನೋಡ್ಲಿಲ್ಲ."

ಮಂಡಳಿಯ ಐವರು ತಲೆ ತಲೆ ಸೇರಿಸಿ ಪಿಸುಗುಟ್ಟಿದರು. ಅಮಾನತು ರದ್ದು, ಹುಡುಗಿ ಸೋಮವಾರದಿಂದ ಶಾಲೆಗೆ ಬರಬಹುದು ಎಂದು ಅಧ್ಯಕ್ಷರು ಓದಿದ್ದು ಮುಂದಿನ ಸಾಲಿಗೂ ಸರಿಯಾಗಿ ಕೇಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಹಿಂದಿನಿಂದ ವರ್ನ್ ಹ್ಯಾಚರ್ ಎದ್ದಿದ್ದ. ಗಣಿಯ ರಾತ್ರಿಪಾಳಿಗೆ ಹೊರಟವನು, ಊಟದ ಡಬ್ಬಿ ಕೈಯಲ್ಲೇ ಇತ್ತು.

"ವಿಲ್ಮಾ, ನಮ್ ಹುಡುಗ ಡೇಲ್‌ನ ಫಾರಮ್ಮೂ ಹೀಗೇನಾ?"

"ಹೌದು, ವರ್ನ್."

"ಮೂರು ಸಲಾನೂ?"

"ಮೂರು ಸಲಾನೂ."

ವರ್ನ್ ಕೂರಲಿಲ್ಲ. ಅವನ ಬಲಗಡೆ ಒಬ್ಬ ಹೆಂಗಸು ಎದ್ದು ತನ್ನ ಮಗಳ ಹೆಸರು ಹೇಳಿದಳು. ಆಮೇಲೆ ಗೋಡೆಯ ಬಳಿಯಿಂದ ಇನ್ನೊಬ್ಬ. ಕಬ್ಬಿಣದ ಕುರ್ಚಿಗಳು ನೆಲಕ್ಕೆ ಉಜ್ಜುವ ಸದ್ದು ಒಂದರ ಹಿಂದೊಂದು ಬಂತು. ಹೆಸರು ಕೇಳಿದಾಗಲೆಲ್ಲ ಆ ಮಗುವಿನ ಮುಖ ವಿಲ್ಮಾಳ ಕಣ್ಣಿಗೆ ಕಟ್ಟುತ್ತಿತ್ತು. ಎಲ್ಲರಿಗೂ ಅವಳು ಹೌದು ಎಂದಳು. ಅಧ್ಯಕ್ಷರು ಮೇಜು ಕುಟ್ಟಿದರು. ಯಾರೂ ಅವರ ಕಡೆ ನೋಡುತ್ತಿರಲಿಲ್ಲ, ಕೋಫೆಲ್ಟನ ಕಡೆಯೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದುದು ಅವಳನ್ನೇ. ರೋಜರ್ ಒಬ್ಬ ಕೂತಿದ್ದ, ಕೈಗಳನ್ನು ಮೊಣಕಾಲ ನಡುವೆ ಇಳಿಬಿಟ್ಟು.

ಓಪಲ್ ಮೊಮ್ಮಗಳ ತೋಳು ಹಿಡಿದು ಪಕ್ಕದ ಬಾಗಿಲಿನಿಂದ ಹೊರಬಿದ್ದಳು. ಅವರು ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ನಿಂತವರು ಸಾಲುಗಳ ನಡುವಿನ ದಾರಿಗೆ ಇಳಿದು ಮುಂದಕ್ಕೆ ಬರತೊಡಗಿದ್ದರು, ಗಲಾಟೆಯಿಲ್ಲ, ಅವಸರವಿಲ್ಲ. ನೀನಿನ್ನು ಏಳಬಹುದು ಎಂದು ವಿಲ್ಮಾಗೆ ಯಾರೂ ಹೇಳಲಿಲ್ಲ. ಅವಳು ಆ ಕುರ್ಚಿಯಲ್ಲೇ ಕೂತಿದ್ದಳು.