ಜಟ್ಟಿ ಮೊಗೇರ ಮುಚ್ಚಿದ ತೂತು

ತೆಂಗಿನಗುಂಡಿಯ ಜಟ್ಟಿ ಮೊಗೇರನಿಗೆ ಸಿಟ್ಟು ಬಂದರೆ ದಂಡೆಯಲ್ಲಿ ಕಟ್ಟಿದ ದೋಣಿಗಳು ತಾವೇ ಹಗ್ಗ ಬಿಚ್ಚಿಕೊಂಡು ದೂರ ಸರಿಯುತ್ತವೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಹೋದ ಮಳೆಗಾಲ ಒಂದು ಪೈಪಿನ ಮೇಲೆ ಅವನಿಗೆ ಬಂದ ಸಿಟ್ಟಿಗೆ ನಾನೇ ಸಾಕ್ಷಿ. ಬರೀ ಸಾಕ್ಷಿಯಲ್ಲ, ಪಾಲುದಾರ.

ಜಟ್ಟಿ ಐವತ್ತು ವರ್ಷ ದೋಣಿಯಲ್ಲಿ ದುಡಿದವನು. ಹಿಡಿದ ಮೀನಿಗಿಂತ ಮುಚ್ಚಿದ ತೂತೇ ಹೆಚ್ಚು. ಮರದ ದೋಣಿಯ ಕಾಲದಲ್ಲಿ ಹತ್ತಿ ತುರುಕಿ ಮುಚ್ಚಿದ, ಫೈಬರ್ ದೋಣಿ ಬಂದ ಮೇಲೆ ರೆಸಿನ್ ಬಳಿದು ಮುಚ್ಚಿದ. ಈಗ ದೋಣಿ ಬಿಟ್ಟಿದ್ದಾನೆ, ಆದರೂ ಲುಂಗಿಯ ಮಡಿಕೆಯಲ್ಲಿ ಎಲೆಯಡಿಕೆಯ ಪಕ್ಕ ತೂತಿಗೆ ಮೆತ್ತುವ ಎಂ-ಸೀಲ್ ಪೊಟ್ಟಣ ಇದ್ದೇ ಇರುತ್ತದೆ. ಅವನ ಹೆಂಡತಿ ದೇವಿ ಅಕ್ಕಿ ಜರಡಿಯನ್ನು ಅವನ ಕಣ್ಣಿಗೆ ಬೀಳದ ಹಾಗೆ ಇಡುತ್ತಾಳೆ.

ದೇವಿ ಮೂವತ್ತು ವರ್ಷ ಭಟ್ಕಳ ಪೇಟೆಯಲ್ಲಿ ಮೀನು ಮಾರಿದವಳು. ಅವಳು ಕೊಯ್ದ ಮೀನಿನ ತಲೆಗಳನ್ನು ಸಾಲಾಗಿ ಇಟ್ಟರೆ ಅಪ್ಸರಕೊಂಡ ದಾಟಿ ಹೊನ್ನಾವರಕ್ಕೆ ಮುಟ್ಟುತ್ತದೆ. ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟು ಮನೆಯಲ್ಲಿ ಕೂತಳು. ಕೂತವಳು ಮಾತನ್ನೇ ಬಿಟ್ಟಳು. ಮಳೆಗಾಲಕ್ಕೆ ಮುಂಚೆ ಯಾರದೋ ಬಲೆಯ ಮೂಲೆಯಲ್ಲಿ ಹೆಬ್ಬೆರಳಷ್ಟು ದೊಡ್ಡ ಪಟ್ಟೆಪಟ್ಟೆ ಮೀನೊಂದು ಜೀವಂತ ಬಂತು. ಅದನ್ನು ಪ್ಲಾಸ್ಟಿಕ್ ಕೊಡಪಾನಕ್ಕೆ ಹಾಕಿಕೊಂಡು, ಮೈಮೇಲಿನ ಪಟ್ಟೆ ನೋಡಿ ಹವಾಲ್ದಾರ ಎಂದು ಹೆಸರಿಟ್ಟಳು. ಅಂದಿನಿಂದ ಬೆಳಗಿನಿಂದ ಸಂಜೆಯ ತನಕ ಅದರ ಜೊತೆ ಮಾತು. "ನನ್ನ ಹತ್ರ ನಲವತ್ತು ವರ್ಷಕ್ಕೆ ಇಷ್ಟು ಆಡ್ಲಿಲ್ಲ ಮಾರಾಯ" ಎಂದು ಜಟ್ಟಿ ನನ್ನೆದುರು ದೂರಿದ. ದೂರಿದರೂ ಅವನ ಮುಖ ಅರಳಿತ್ತು. ಆದರೆ ಜುಲೈ ಹೊತ್ತಿಗೆ ಹವಾಲ್ದಾರ ಬಣ್ಣ ಬಿಟ್ಟು ತಳ ಹಿಡಿಯಿತು. ದೇವಿ ಮತ್ತೆ ಮೌನವಾಗತೊಡಗಿದಳು.

ಹಾಗಾಗಿ ನಾವಿಬ್ಬರೂ ಬಸ್ಸು ಹತ್ತಿ ಕುಮಟಾಕ್ಕೆ, ಗುರುದತ್ತ ಶಾನಭಾಗರ ಅಕ್ವೇರಿಯಂ ಅಂಗಡಿಗೆ ಹೋದೆವು. ಕೊಡಪಾನದಲ್ಲಿ ಇನ್ನೊಂದು ತಿಂಗಳೂ ಬಾಳದು ಎಂದರು ಶಾನಭಾಗರು. ದೊಡ್ಡ ಗಾಜಿನ ತೊಟ್ಟಿ ಬೇಕು. ಅದರ ಕೆಳಗೆ ಸಂಪ್ ಎಂಬ ಇನ್ನೊಂದು ತೊಟ್ಟಿ. ಮೇಲೆ ತುಂಬಿ ಮಿಕ್ಕ ನೀರು ಕೆಳಗಿಳಿಯಬೇಕು, ಸೋಸಿದ ಮೇಲೆ ಪಂಪು ಅದನ್ನು ಮೇಲೆ ದೂಡಬೇಕು. ಸಂಪಿನ ಒಂದು ಕೋಣೆಯಲ್ಲಿ ಲೈಟು ಹಾಕಿ ಸಮುದ್ರದ ಪಾಚಿ ಬೆಳೆಸಬೇಕು, ಅದಕ್ಕೆ ರೆಫ್ಯೂಜಿಯಂ ಎನ್ನುತ್ತಾರೆ. ಮೀನಿನ ಹೊಲಸನ್ನು ಪಾಚಿ ಹೀರುತ್ತದೆ, ಮೀನಿನ ಬಾಯಿಗೆ ಸಿಗದೆ ಪುಟ್ಟ ಹುಳಗಳು ಅಲ್ಲಿ ಮರಿ ಮಾಡುತ್ತವೆ. ಇಷ್ಟರ ತನಕ ಜಟ್ಟಿ ವಿಧೇಯ ವಿದ್ಯಾರ್ಥಿ. ಆಮೇಲೆ ಶಾನಭಾಗರು ಮೇಜಿನ ಮೇಲೆ ಒಂದು ಚೀಲ ಇಟ್ಟರು.

"ಇದೆಂತದು?"

"ಸಮುದ್ರದ ಉಪ್ಪು, ಜಟ್ಟಣ್ಣ. ಫಾರಿನ್‌ದು. ನೀರಿಗೆ ಕಲಸಿದ್ರೆ ಆತು."

"ನಮ್ಮನೆ ಎದ್ರಿಗೆ ಇರೂದು ಎಂತ ಹಂಗಾರೆ? ಗಂಜಿ ತೆಳಿಯಾ?"

"ಮಳೆಗಾಲದಲ್ಲಿ ದಂಡೆ ನೀರಿಗೆ ಹೊಳೆ ನೀರು ಸೇರಿ ಸಪ್ಪೆ ಆಗ್ತದೆ ಅಂತ."

"ಕೇಳ್ದ್ಯಾ," ಎಂದು ಜಟ್ಟಿ ನನ್ನತ್ತ ತಿರುಗಿದ. "ಐವತ್ತು ವರ್ಷ ನನ್ನ ಚರ್ಮ ಸುಟ್ಟ ನೀರು ಸಪ್ಪೆ ಅಂಬ್ರು ಇವ್ರು."

ಮುಂದಿನ ಕಾಲು ಗಂಟೆ ಅರಬ್ಬಿ ಸಮುದ್ರದ ಮಾನಹಾನಿಯ ವಿಚಾರಣೆ ನಡೆಯಿತು. ಪಂಪನ್ನೂ, ನೀರು ಮೇಲೇರಲು ಬಾಗು ಕೂಡಿಸಿ ತಯಾರಿಟ್ಟ ಪೈಪನ್ನೂ ಹಿಡಿದು ನಾವು ಮೆಟ್ಟಿಲಿಳಿಯುವಾಗ ಶಾನಭಾಗರು ಪೈಪಿನ ಕಡೆ ಬೆರಳು ಮಾಡಿ ಇನ್ನೂ ಏನೋ ಹೇಳುತ್ತಿದ್ದರು.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಸಮುದ್ರಕ್ಕೆ ಇಳಿದವು. ಜಟ್ಟಿ ಆಳದ ನೀರನ್ನೇ ಡ್ರಮ್ಮಿನಲ್ಲಿ ತರಿಸಿ, ನನಗೆ ನೆಕ್ಕಲು ಕೊಟ್ಟು, ಉಪ್ಪುಂಟೆಂದು ಹೇಳಿಸಿಕೊಂಡ. ಮುಚ್ಚಿದ ಲಾಡ್ಜೊಂದರಿಂದ ಹಳೆಯ ಗಾಜಿನ ತೊಟ್ಟಿ ಬಂತು. ನೀರು ಕೆಳಗಿಳಿಯುವ ತೂತು ಅದರ ಮೇಲಂಚಿನಲ್ಲಿ ಮೊದಲೇ ಇತ್ತು. ಬೇರೆಯವರು ಮಾಡಿದ ಪಾಪ ಎಂದು ಜಟ್ಟಿ ಅದನ್ನು ಕ್ಷಮಿಸಿದ. ದೋಣಿಯ ಹಳೆಯ ಐಸ್ ಪೆಟ್ಟಿಗೆಯೇ ಸಂಪ್ ಆಯಿತು. ಒಳಗೆ ಫೈಬರಿನ ಅಡ್ಡಗೋಡೆ ನಿಲ್ಲಿಸಿ ನಾಲ್ಕು ಸುತ್ತು ರೆಸಿನ್ ಬಳಿದ. ಅದಕ್ಕೆ ಎಂಜಿನ್ ಕಟ್ಟಿದ್ದರೆ ದುಬೈ ಮುಟ್ಟುತ್ತಿತ್ತು. ಬಂಡೆಗಳಿಂದ ಕಿತ್ತು ತಂದ ಪಾಚಿಯನ್ನು ದೇವಿಯೇ ಜೋಡಿಸಿ ಆ ಕೋಣೆಗೆ ತವರುಮನೆ ಎಂದು ಹೆಸರಿಟ್ಟಳು.

ಕೊನೆಗೆ ಪೈಪು ಕೂರಿಸುವಾಗ ಜಟ್ಟಿಯ ಕೈ ನಿಂತಿತು. ಪೈಪಿನ ಬಾಗಿನ ಸ್ವಲ್ಪ ಕೆಳಗೆ ಮೆಣಸಿನಕಾಳಿನಷ್ಟು ತೂತು.

"ನಂಗೆ. ತೂತಿನ ಪೈಪು. ನಂಗೆ," ಎಂದ.

ಅವನು ತೂತನ್ನು ಎಂ-ಸೀಲಿನಿಂದ ಮುಚ್ಚಿದ್ದು ಎರಡು ನಿಮಿಷದಲ್ಲಿ. ಬೈದದ್ದು ಒಂಬತ್ತು ದಿನ. ಚಾದಂಗಡಿಯಲ್ಲಿ, ಮೀನುಪೇಟೆಯಲ್ಲಿ, ಬಸ್ಸಿನಲ್ಲಿ, ಕುಮಟಾದ ಅಂಗಡಿಯವರು ಬಡ ಮೊಗೇರನಿಗೆ ಒಡಕು ಮಾಲು ಕಟ್ಟಿದ ಕಥೆಯೇ ಕಥೆ. ನನಗೂ ರಕ್ತ ಕುದಿಯುತ್ತಿತ್ತು. ಸುದ್ದಿ ಹೊನ್ನಾವರ ಮುಟ್ಟುವಷ್ಟರಲ್ಲಿ ನಾನು ಒಂದು ತೂತನ್ನು ಹನ್ನೆರಡು ಮಾಡಿದ್ದೆ.

ಹವಾಲ್ದಾರ ಹೊಸ ತೊಟ್ಟಿಗಿಳಿದ ಹತ್ತನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಜಟ್ಟಿ ಮತ್ತು ನಾನು ಜಗುಲಿಯಲ್ಲಿ ಬೈಗುಳ ಮುಂದುವರಿಸಿದ್ದೆವು. ಒಳಗಿನಿಂದ ದೇವಿ ಅಂದಳು: "ಹೋಯ್, ಸಮುದ್ರ ಒಳಗೆ ಬಂತು."

ಪಂಪು ನಿಂತಿದ್ದೇ ತಡ, ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದಿತ್ತು. ತಳದ ನೀರು ತೆಗೆಯುವ ದೋಣಿಯ ಅಭ್ಯಾಸದಂತೆ ಜಟ್ಟಿ ಪೈಪಿನ ಬಾಯಿಯನ್ನು ತೊಟ್ಟಿಯ ತಳಕ್ಕೇ ಮುಟ್ಟಿಸಿದ್ದ. ಅದು ನೀರನ್ನೆಲ್ಲ ಎಳೆದು ಹಾಕಿ, ಸಂಪ್ ತುಂಬಿ ಉಕ್ಕಿ, ಪಾಚಿ ಒಲೆಯ ಬುಡದಲ್ಲಿ ತೇಲುತ್ತಿತ್ತು. ಜಟ್ಟಿ ಪಾತ್ರೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತ, ಸಂಪಿನ ಮೈಯೆಲ್ಲ ಸವರುತ್ತ, "ತೂತೆಲ್ಲಿ, ತೂತೆಲ್ಲಿ" ಎಂದು ಹುಡುಕಿದ. ಎಲ್ಲಿಯೂ ಇರಲಿಲ್ಲ. ತೊಟ್ಟಿಯಲ್ಲಿ ಉಳಿದ ಎರಡು ಬೆರಳು ನೀರಿನಲ್ಲಿ ಹವಾಲ್ದಾರ ಮಗ್ಗುಲಾಗಿ ಬಡಿದುಕೊಳ್ಳುತ್ತಿತ್ತು. ಬಗ್ಗಲಾಗದ ದೇವಿ ನೆಲದ ಮೇಲೆ ಕೂತೇ ಜಾರಿಕೊಂಡು ಬಂದು, ಗೋಡೆ ಹಿಡಿದು ಎದ್ದು, ಬೊಗಸೆಯಲ್ಲಿ ಅದನ್ನು ಎತ್ತಿ ಕೊಡಪಾನಕ್ಕೆ ಬಿಟ್ಟಳು. ಅದು ಬಾಲ ಆಡಿಸಿದ ಮೇಲೆ ಗಂಡನತ್ತ ತಿರುಗಿದಳು.

"ಶಾನಭಾಗ್ರಿಗೆ ಫೋನ್ ಮಾಡಿ."

ಬೈಯಲೆಂದೇ ಜಟ್ಟಿ ಮಾಡಿದ. ಶಾನಭಾಗರು ತಾಳ್ಮೆಯಿಂದ ಕೇಳಿ ಒಂದೇ ಮಾತು ಕೇಳಿದರು. "ಪೈಪಿನ ಸಣ್ಣ ತೂತು ಗಾಳಿ ಎಳ್ಕೊಳ್ಲಿಲ್ವಾ?"

"ಅದನ್ನ ನಾ ಮುಚ್ದೆ."

"ಅಯ್ಯೋ ಜಟ್ಟಣ್ಣ, ಅದು ನಾನೇ ಕೊರೆದದ್ದು. ನೀರು ನಾಲ್ಕು ಬೆರಳು ಇಳಿದ್ರೆ ತೂತು ಗಾಳಿ ಎಳ್ಕೊಂಡು ನೀರು ನಿಲ್ತದೆ. ಅಂಗಡಿಯಲ್ಲಿ ಹೇಳ್ತಾ ಇದ್ದೆ, ನೀವು ಉಪ್ಪಿಗೆ ಬೈತಾ ಇದ್ರಿ."

ಜಟ್ಟಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅಷ್ಟು ಮೆತ್ತಗೆ ಎಂತಕ್ಕೆ ಹೇಳ್ದ್ರಿ? ನಂಗೆ ಬೈದು ಹೇಳ್ಬೇಕಿತ್ತು."

ದೇವಿ ಮೊಳೆ ತಂದು ಕೊಟ್ಟಳು. ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದ ಆ ಕೈ ಮೆಣಸಿನಕಾಳಿನಷ್ಟು ತೂತು ಬಿಡಿಸಲು ಅರ್ಧ ಗಂಟೆ ತೆಗೆದುಕೊಂಡಿತು. ಡ್ರಮ್ಮಿನಲ್ಲಿ ಉಳಿದಿದ್ದ ನೀರು ತುಂಬಿಸಿದೆವು, ಸಂಜೆಗೆ ಕರೆಂಟು ಬಂತು, ಪಂಪು ಓಡಿತು. ದೇವಿ ತಾನೇ ಸ್ವಿಚ್ಚು ಆರಿಸಿ ನೋಡಿದಳು. ನೀರು ಒಂದು ಬೆರಳು ಇಳಿಯಿತು, ನಾಲ್ಕು ಇಳಿಯಿತು. ತೂತು ಗೊರ್ರೆಂದು ಗಾಳಿ ಎಳೆಯಿತು, ನೀರು ನಿಂತಿತು.

"ಆತು," ಎಂದು ಹವಾಲ್ದಾರನನ್ನು ಒಳಗೆ ಬಿಟ್ಟಳು.

ಹಬ್ಬಿಸಿದ ಹನ್ನೆರಡು ತೂತುಗಳನ್ನು ನಾನು ಹೊನ್ನಾವರದಿಂದ ಒಂದೊಂದಾಗಿ ಹಿಂದೆ ತರುತ್ತಿದ್ದೇನೆ, ಏಳು ಬಂದಿವೆ. ಜಟ್ಟಿಯ ಸಿಟ್ಟು ಮಾತ್ರ ಇಳಿದಿಲ್ಲ. ಈಗ ಅದು ಕರೆಂಟಿನವರ ಮೇಲೆ. ಮಾತಿನ ನಡುವೆ ಅವನ ಕಣ್ಣು ಪೈಪಿನತ್ತ ಹೋಗುತ್ತದೆ, ಬೆರಳು ಲುಂಗಿಯ ಮಡಿಕೆ ತಡಕುತ್ತದೆ. ಅಲ್ಲಿ ಏನೂ ಇಲ್ಲ. ಎಂ-ಸೀಲ್ ಪೊಟ್ಟಣ ದೇವಿಯ ಸೆರಗಿನ ಗಂಟಿನಲ್ಲಿದೆ. ಸ್ನಾನಕ್ಕೆ ಹೋಗುವಾಗಲೂ ಅವಳು ಅದನ್ನು ಬಿಚ್ಚಿಡುವುದಿಲ್ಲ.